ಅಪ್ಪಾಜಿ, ಅವ್ವ, ಆಯಿ ಜೊತೆ ಮುಂಬೈಯಿಂದ ಕ್ರೂಸ್: ಕ್ಯಾಬಿನ್ ಯಾವುದು, ಊಟ ಹೇಗೆ?

ನೆಹರೂಗಂಜ್ ತಮ್ಮ (ಕಲಬುರಗಿ)

ಎಲ್ಲರಿಗೂ ಶರಣು. ಅಪ್ಪಾಜಿ ಈ ವರ್ಷ ನಿವೃತ್ತಿ ಆಗುತ್ತಿದ್ದಾರೆ. ಮನೆಯವರೆಲ್ಲ ಸೇರಿ ಚಳಿಗಾಲದಲ್ಲಿ ಹಡಗಿನಲ್ಲಿ ಹೋಗಿಬರೋಣ ಅಂತ ತಂಗಿ ಹಠ ಹಿಡಿದಿದ್ದಾಳೆ. ನನಗೂ ಆಸೆ ಇದೆ. ಅಪ್ಪಾಜಿ ಜೀವನಪೂರ್ತಿ ಸಂಬಳದಲ್ಲಿ ಸಂಸಾರ ತೂಗಿಸಿದವರು, ಸಮುದ್ರ ನೋಡಿದ್ದೇ ಕಡಿಮೆ.

ನಾವು ಎಂಟು ಜನ. ಅಪ್ಪಾಜಿ, ಅವ್ವ, ಆಯಿ (ಅಪ್ಪಾಜಿಯ ತಾಯಿ, ಎಂಬತ್ತು ದಾಟಿದ್ದಾರೆ, ಓಡಾಡುತ್ತಾರೆ ಆದರೆ ಮೊಣಕಾಲು ನೋವು ಜಾಸ್ತಿ), ನಾನು, ನನ್ನ ಹೆಂಡತಿ, ಒಂಬತ್ತು ಮತ್ತು ನಾಲ್ಕು ವರ್ಷದ ಮಕ್ಕಳು, ತಂಗಿ. ಎಲ್ಲರೂ ಶಾಕಾಹಾರಿ.

ತಂಗಿಗೆ ಲಕ್ಷದ್ವೀಪ ಬೇಕು, ನನಗೆ ಗೋವಾ ಸಾಕು ಅನ್ನಿಸುತ್ತದೆ. ಕ್ಯಾಬಿನ್ ವಿಷಯ ಪೂರ್ತಿ ಗೊಂದಲ. ಕಿಟಕಿ ಇಲ್ಲದ್ದು ಅಗ್ಗ, ಕಿಟಕಿ ಇರುವುದು ಸ್ವಲ್ಪ ಜಾಸ್ತಿ, ಬಾಲ್ಕನಿ ಅಂದರೆ ದೊಡ್ಡ ಮೊತ್ತ. ಎಂಟು ಜನಕ್ಕೆ ಎಷ್ಟು ತೊಗೋಬೇಕು? ಆಯಿ ದಿನಾ ಬೆಳಿಗ್ಗೆ ಲಿಂಗಪೂಜೆ ಮಾಡದೆ ಚಹಾ ಕೂಡ ಕುಡಿಯುವುದಿಲ್ಲ, ಅದಕ್ಕೆ ಹಡಗಿನಲ್ಲಿ ತೊಂದರೆ ಆಗುತ್ತದಾ? ಇನ್ನು ಅವ್ವನಿಗೆ ಭಯ. 2024ರ ಡಿಸೆಂಬರ್‌ನಲ್ಲಿ ಮುಂಬೈಯಲ್ಲಿ ಎಲಿಫೆಂಟಾ ಕಡೆ ಹೊರಟಿದ್ದ ದೋಣಿಗೆ ನೌಕಾಪಡೆಯ ಸ್ಪೀಡ್‌ಬೋಟ್ ಬಡಿದು ಅದು ಮುಳುಗಿತಲ್ಲ, ಟೀವಿಯಲ್ಲಿ ನೋಡಿದ್ದನ್ನು ಇನ್ನೂ ಮರೆತಿಲ್ಲ. ಹೋಗಿಬಂದವರು ದಯವಿಟ್ಟು ಬಿಡಿಸಿ ಹೇಳಿ.

ಬೀದರಿನ ಅಳಿಯ

ಅಣ್ಣಾವ್ರೆ, ಮೊದಲು ದಾರಿ ಗೊತ್ತು ಮಾಡಿಕೊಳ್ಳಿ, ಕ್ಯಾಬಿನ್ ಆಮೇಲೆ. ಆಯಿ ಜೊತೆಗೆ ಬರುತ್ತಾರೆ ಅಂದಮೇಲೆ ನೀವು ಕೇಳಬೇಕಾದ ದೊಡ್ಡ ಪ್ರಶ್ನೆ ಒಂದೇ. ಹಡಗು ಬಂದರಿನ ಧಕ್ಕೆಗೆ ಬಂದು ನಿಲ್ಲುತ್ತದೋ, ಇಲ್ಲ ನಡುನೀರಿನಲ್ಲಿ ಲಂಗರು ಹಾಕುತ್ತದೋ?

ಗೋವಾದಲ್ಲಿ ಮುರ್ಮುಗಾವ್ ಬಂದರಿದೆ. ಹಡಗು ಧಕ್ಕೆಗೇ ಬಂದು ನಿಲ್ಲುತ್ತದೆ, ಏಣಿದಾರಿಯಲ್ಲಿ ಕೈ ಹಿಡಿದುಕೊಂಡು ಇಳಿಯಬಹುದು. ಕೊಚ್ಚಿಯೂ ಹಾಗೇ. ಲಕ್ಷದ್ವೀಪದ ಕಥೆ ಬೇರೆ. ದ್ವೀಪದ ಸುತ್ತ ಹವಳದ ದಿಬ್ಬ, ಒಳಗೆ ನೀರು ಆಳವಿಲ್ಲ, ದೊಡ್ಡ ಹಡಗು ಹತ್ತಿರ ಹೋಗುವ ಮಾತೇ ಇಲ್ಲ. ಹೊರಗೆ ನಿಂತು ಚಿಕ್ಕ ದೋಣಿಗೆ ಜನರನ್ನು ಇಳಿಸುತ್ತಾರೆ. ದೋಣಿ ಮೇಲೆ ಕೆಳಗೆ ಆಡುತ್ತಿರುತ್ತದೆ, ಅದು ಮೇಲೆ ಬಂದ ಹೊತ್ತು ನೋಡಿ ಹೆಜ್ಜೆ ಇಡಬೇಕು. ಸಿಬ್ಬಂದಿ ಎರಡೂ ಕಡೆ ಹಿಡಿದುಕೊಳ್ಳುತ್ತಾರೆ, ಆದರೂ ಮೊಣಕಾಲು ನೋವಿರುವ ಎಂಬತ್ತು ದಾಟಿದವರಿಗೆ ಅದು ಬೇಡ. ಅಲೆ ಜಾಸ್ತಿ ಇದ್ದರೆ ಆ ದಿನ ಇಳಿಸುವುದನ್ನೇ ಬಿಟ್ಟುಬಿಡುತ್ತಾರೆ. ತಂಗಿಗೆ ಹೇಳಿ, ಲಕ್ಷದ್ವೀಪ ನಿಜಕ್ಕೂ ಚೆಂದ, ಆ ನೀರಿನ ಬಣ್ಣ ಬೇರೆಲ್ಲೂ ಸಿಗುವುದಿಲ್ಲ, ಆದರೆ ಈ ಸಲ ಆಯಿ ಹಡಗಿನಲ್ಲೇ ಕೂತು ನಿಮ್ಮ ದಾರಿ ಕಾಯಬೇಕಾಗುತ್ತದೆ. ಅಪ್ಪಾಜಿಯ ನಿವೃತ್ತಿಗೆ ಎಲ್ಲರೂ ಒಟ್ಟಿಗೆ ಇಳಿಯುವ ಊರು ಬೇಕು ಅಲ್ವಾ?

ನಾವು ಹೋಗಿದ್ದು ಕಾರ್ಡೇಲಿಯಾ ಅನ್ನುವ ಕ್ರೂಸ್ ಕಂಪನಿಯ ಎಂಪ್ರೆಸ್ ಹಡಗಿನಲ್ಲಿ. 1990ರ ಹಡಗು, ಮೊದಲು ರಾಯಲ್ ಕೆರಿಬಿಯನ್ ಕಂಪನಿಯದಾಗಿತ್ತು, 2021ರಿಂದ ನಮ್ಮ ಕಡೆ ಓಡುತ್ತಿದೆ. 11 ಡೆಕ್. ಹಳೆಯ ಅಳತೆಯ ಹಡಗಾದ್ದರಿಂದ ಕ್ಯಾಬಿನ್‌ಗಳು ಚಿಕ್ಕವು, ಬಾಲ್ಕನಿ ಇರುವವು ಕೆಲವೇ. ಹಾಗಾಗಿ ಬಾಲ್ಕನಿ ಆಸೆ ಬಿಡಿ. ಆ ದುಡ್ಡಿನಲ್ಲಿ ಇನ್ನೊಂದು ಕ್ಯಾಬಿನ್ ತೊಗೊಳ್ಳಿ.

ನಾನಾದರೆ ಮೂರು ಕ್ಯಾಬಿನ್ ಮಾಡುತ್ತೇನೆ. ಆಯಿ ಮತ್ತು ತಂಗಿ ಒಂದರಲ್ಲಿ, ಅಪ್ಪಾಜಿ ಅವ್ವ ಒಂದರಲ್ಲಿ, ನೀವು ನಾಲ್ವರು ಒಂದರಲ್ಲಿ. ನಾಲ್ವರ ಕ್ಯಾಬಿನ್ ಅಂದರೆ ಕೆಳಗೆ ಎರಡು ಹಾಸಿಗೆ, ಗೋಡೆಯಿಂದ ಮಡಚಿ ಇಳಿಸುವ ಎರಡು ಬರ್ತ್, ರೈಲಿನ ಮೇಲಿನ ಬರ್ತ್ ಇದ್ದ ಹಾಗೆ. ಒಂಬತ್ತು ವರ್ಷದವನು ಖುಷಿಯಿಂದ ಹತ್ತುತ್ತಾನೆ. ನಾಲ್ಕು ವರ್ಷದ್ದನ್ನು ಮೇಲೆ ಮಲಗಿಸಬೇಡಿ, ತಾಯಿ ಹತ್ತಿರ ಕೆಳಗೇ ಇರಲಿ.

ಹಿರಿಯರ ಎರಡೂ ಕ್ಯಾಬಿನ್‌ಗೆ ಕಿಟಕಿ ಇರಲೇಬೇಕು, ಇದರಲ್ಲಿ ಜಿಪುಣತನ ಮಾಡಬೇಡಿ. ಕಿಟಕಿ ಇಲ್ಲದ ಕ್ಯಾಬಿನ್‌ನಲ್ಲಿ ದೀಪ ಆರಿಸಿದರೆ ಕಗ್ಗತ್ತಲು. ಬೆಳಗಾಯಿತೋ ಇಲ್ಲವೋ ತಿಳಿಯುವುದಿಲ್ಲ. ವಯಸ್ಸಾದವರು ರಾತ್ರಿ ಎದ್ದಾಗ ದಿಕ್ಕು ತಪ್ಪುತ್ತಾರೆ. ನೀವು ಮಕ್ಕಳ ಜೊತೆ ಇಂಟೀರಿಯರ್‌ನಲ್ಲಿ (ಕಿಟಕಿ ಇಲ್ಲದ್ದರಲ್ಲಿ) ಇದ್ದರೂ ನಡೆಯುತ್ತದೆ, ಹೇಗೂ ಹಗಲೆಲ್ಲ ಹೊರಗೇ ಇರುತ್ತೀರಿ.

ಇನ್ನು ಜಾಗ. ಹಡಗಿನ ಉದ್ದದಲ್ಲಿ ಸರಿಯಾಗಿ ನಡುವೆ, ಮತ್ತು ಆದಷ್ಟು ಕೆಳಗಿನ ಡೆಕ್. ಮುಂದಿನ ತುದಿ, ಹಿಂದಿನ ತುದಿ ಮತ್ತು ಮೇಲಿನ ಡೆಕ್‌ಗಳಲ್ಲಿ ಅಲುಗಾಟ ಜಾಸ್ತಿ ತಿಳಿಯುತ್ತದೆ. ಲಿಫ್ಟ್‌ಗೆ ಹತ್ತಿರ ಇರಲಿ, ಆದರೆ ಲಿಫ್ಟ್‌ಗೆ ತಾಗಿಕೊಂಡೇ ಬೇಡ. ಬುಕ್ ಮಾಡುವ ಮೊದಲು ಡೆಕ್ ನಕ್ಷೆ ತೆಗೆದು ನೋಡಿ. ನಿಮ್ಮ ಕ್ಯಾಬಿನ್‌ನ ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇರಬೇಕು. ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗ್ಗೆ ಕುರ್ಚಿ ಎಳೆಯುವ ಸದ್ದು, ಕೆಳಗೆ ಡಿಸ್ಕೋ ಇದ್ದರೆ ರಾತ್ರಿಯೆಲ್ಲ ದಬದಬ. ಮತ್ತು "ಗ್ಯಾರಂಟಿ ಕ್ಯಾಬಿನ್" ಅಂತ ಅಗ್ಗದ್ದು ತೋರಿಸಿದರೆ ತೊಗೋಬೇಡಿ. ಅದರ ಅರ್ಥ ನಿಮಗೆ ಆ ದರ್ಜೆಯ ಒಂದು ಕ್ಯಾಬಿನ್ ಗ್ಯಾರಂಟಿ, ಯಾವುದು ಅನ್ನುವುದು ಅವರಿಷ್ಟ. ಒಬ್ಬರೇ ಹೋಗುವವರಿಗೆ ಸರಿ, ನಿಮ್ಮ ಮೂರು ಕ್ಯಾಬಿನ್ ಮೂರು ದಿಕ್ಕಿಗೆ ಹೋಗುತ್ತವೆ.

ಆಯಿ ಕ್ಯಾಬಿನ್‌ಗೆ ಇನ್ನೊಂದು ಮಾತು. ಹಡಗಿನ ಬಚ್ಚಲಿಗೆ ಸಾಮಾನ್ಯವಾಗಿ ಎತ್ತರದ ಹೊಸ್ತಿಲು ಇರುತ್ತದೆ, ನೀರು ಹೊರಗೆ ಬರದಂತೆ. ಮೊದಲ ದಿನವೇ ಆಯಿಗೆ ಅದನ್ನು ತೋರಿಸಿಡಿ. ಕಾಲು ಎತ್ತುವುದು ಪೂರ್ತಿ ಕಷ್ಟ ಅನ್ನುವುದಾದರೆ ಗಾಲಿಕುರ್ಚಿಯವರಿಗೆ ಅಂತ ಹೊಸ್ತಿಲಿಲ್ಲದ ಕೆಲವು ಕ್ಯಾಬಿನ್ ಇಟ್ಟಿರುತ್ತಾರೆ, ಬೇಗ ಕೇಳಿದರೆ ಸಿಗುತ್ತದೆ.

ಶಹಾಪುರದ ಅಕ್ಕ (ಯಾದಗಿರಿ)

ಮೇಲಿನ ಅಣ್ಣಾವ್ರು ಕ್ಯಾಬಿನ್ ಬಗ್ಗೆ ಚೆನ್ನಾಗಿ ಹೇಳಿದ್ದಾರೆ. ಊಟ ಮತ್ತು ಪೂಜೆ ಬಗ್ಗೆ ನಾನು ಹೇಳುತ್ತೇನೆ ತಮ್ಮಾ, ನಾವೂ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆವು.

ಲಿಂಗಪೂಜೆಗೆ ಏನೂ ತೊಂದರೆ ಇಲ್ಲ. ಕ್ಯಾಬಿನ್‌ನಲ್ಲಿ ಕೂತು ವಿಭೂತಿ, ಹೂವು, ಪತ್ರಿ, ನೀರು ಇಟ್ಟುಕೊಂಡು ನಿಧಾನಕ್ಕೆ ಮಾಡಬಹುದು. ಆದರೆ ದೀಪ, ಊದಬತ್ತಿ, ಕರ್ಪೂರ ಹಚ್ಚುವ ಹಾಗಿಲ್ಲ. ಹಡಗಿನಲ್ಲಿ ನೀರಿಗಿಂತ ಬೆಂಕಿಗೇ ಜಾಸ್ತಿ ಹೆದರುತ್ತಾರೆ, ಪ್ರತಿ ಕ್ಯಾಬಿನ್‌ನಲ್ಲೂ ಹೊಗೆ ಹಿಡಿಯುವ ಯಂತ್ರ ಇರುತ್ತದೆ. ಇದನ್ನು ಊರಿನಲ್ಲೇ ಆಯಿಗೆ ಸಮಾಧಾನವಾಗಿ ಹೇಳಿ ಒಪ್ಪಿಸಿ, ಹಡಗು ಹತ್ತಿದ ಮೇಲೆ ಹೇಳಿದರೆ ಅವರ ಮನಸ್ಸಿಗೆ ನೋವಾಗುತ್ತದೆ. ನಮ್ಮ ಅತ್ತೆ ದೀಪವಿಲ್ಲದೆ ಕಿಟಕಿಯ ಬೆಳಕಿನಲ್ಲೇ ಪೂಜೆ ಮಾಡಿಕೊಂಡರು. ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಕೆಟಲ್ ಕೂಡ ಚೀಲದಲ್ಲಿ ಇಡಬೇಡಿ, ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ಹೊತ್ತುಹೊತ್ತಿಗೆ ಬಿಸಿನೀರು, ಚಹಾ ಊಟದ ಜಾಗದಲ್ಲಿ ಸಿಗುತ್ತದೆ.

ಊಟ. ಟಿಕೆಟ್ ಹಣದಲ್ಲಿ ಬರುವ ಊಟ ಎರಡು ತರಹ. ಒಂದು ದೊಡ್ಡ ರೆಸ್ಟೋರೆಂಟ್, ಅಲ್ಲಿ ಮೇಜಿಗೆ ತಂದು ಬಡಿಸುತ್ತಾರೆ, ಹೊತ್ತು ಗೊತ್ತುಮಾಡಿರುತ್ತಾರೆ. ಇನ್ನೊಂದು ಬಫೆ, ನೀವೇ ತಟ್ಟೆ ಹಿಡಿದುಕೊಂಡು ಹಾಕಿಕೊಳ್ಳುವುದು. ಇವೆರಡು ಬಿಟ್ಟು ಬೇರೆ ವಿಶೇಷ ರೆಸ್ಟೋರೆಂಟ್‌ಗೆ ಕೂತರೆ, ಮದ್ಯ, ಬಾಟಲಿ ಪಾನೀಯ ಕೇಳಿದರೆ ಬೇರೆ ಹಣ. ಮಕ್ಕಳು ಜ್ಯೂಸ್ ಕೇಳುತ್ತಲೇ ಇರುತ್ತಾರೆ, ಹಡಗಿನವರು ಕೊಟ್ಟ ಕಾರ್ಡ್ ತೋರಿಸಿದರೆ ಸಾಕು ಕೊಡುತ್ತಾರೆ, ಕೊನೆಯ ದಿನ ಬಿಲ್ ಉದ್ದ ಬರುತ್ತದೆ. ಮೊದಲೇ ಮಕ್ಕಳಿಗೆ ತಿಳಿಸಿ ಹೇಳಿ.

ಆಯಿ ಏಳೂವರೆಗೆ ಉಂಡು ಮಲಗುವವರಾದರೆ ರಾತ್ರಿ ಊಟದ ಮೊದಲ ಪಂಕ್ತಿ ಕೇಳಿ ತೊಗೊಳ್ಳಿ. ಎರಡನೆಯದು ತಡ ಆಗುತ್ತದೆ, ಮಕ್ಕಳೂ ಅಷ್ಟೊತ್ತಿಗೆ ತೂಕಡಿಸುತ್ತಿರುತ್ತವೆ. ಶಾಕಾಹಾರ, ಜೈನ ಊಟ ಎರಡೂ ಸಿಗುತ್ತವೆ, ಆದರೆ ಬುಕ್ ಮಾಡುವಾಗಲೇ ಬರೆಸಿಬಿಡಿ. ಬಫೆಯಲ್ಲಿ ಮಾಂಸಾಹಾರದ ಸಾಲು ಪಕ್ಕದಲ್ಲೇ ಇರುತ್ತದೆ. ಅದು ಹಿರಿಯರಿಗೆ ಇರಿಸುಮುರಿಸು ಅನ್ನಿಸಿದರೆ ಮೇಜಿಗೆ ಬಡಿಸುವ ಕಡೆಗೇ ಹೋಗಿ, ಅಲ್ಲಿ ನಿಮ್ಮ ಮೇಜಿಗೆ ಶಾಕಾಹಾರ ಅಂತ ಹೇಳಿದರೆ ಮುಗಿಯಿತು. ಅನ್ನ, ಬೇಳೆ, ಚಪಾತಿ, ಪಲ್ಯ, ಮೊಸರು, ಬೆಳಗ್ಗೆ ಇಡ್ಲಿ ದೋಸೆ ಇದಕ್ಕೆಲ್ಲ ಕೊರತೆ ಇಲ್ಲ. ಜೋಳದ ರೊಟ್ಟಿ ನಿರೀಕ್ಷೆ ಮಾಡಬೇಡಿ. ಮನೆಯಲ್ಲಿ ಮಾಡಿದ ಅಡುಗೆ ಒಳಗೆ ಬಿಡುವುದಿಲ್ಲ. ಅಂಗಡಿಯ ಸೀಲ್ ಮಾಡಿದ ಪೊಟ್ಟಣ ಆದರೆ ಸಾಮಾನ್ಯವಾಗಿ ಬಿಡುತ್ತಾರೆ, ಹಾಗಾಗಿ ಶೇಂಗಾ ಹಿಂಡಿ, ಅಗಸಿ ಹಿಂಡಿ ಒಂದೊಂದು ಸೀಲ್ ಪೊಟ್ಟಣ ತೊಗೊಂಡು ಹೋಗಿ. ಸಪ್ಪೆ ಬೇಳೆಗೂ ಅನ್ನಕ್ಕೂ ಒಂದು ಚಿಟಿಕೆ ಹಿಂಡಿ ಬಿದ್ದರೆ ನಮ್ಮ ಕಡೆಯವರ ಹೊಟ್ಟೆ ತಣ್ಣಗಾಗುತ್ತದೆ.

ಊಟಕ್ಕೆ ಮೊದಲು ಸಾಬೂನಿನಲ್ಲಿ ಕೈ ತೊಳೆಯುವುದನ್ನು ಬಿಡಬೇಡಿ, ಬಾಗಿಲಲ್ಲಿ ಸ್ಯಾನಿಟೈಸರ್ ಇದ್ದರೂ ಸರಿ. ಹಡಗುಗಳಲ್ಲಿ ವಾಂತಿಭೇದಿ ತರುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ.

ತಲೆಸುತ್ತು, ವಾಂತಿಗೆ ನಿಮ್ಮ ಡಾಕ್ಟರನ್ನು ಕೇಳಿ ಮಾತ್ರೆ ಬರೆಸಿಕೊಳ್ಳಿ. ಅಪ್ಪಾಜಿ, ಆಯಿ ಬಿಪಿ ಶುಗರ್ ಮಾತ್ರೆ ತೊಗೊಳ್ಳುತ್ತಿದ್ದರೆ ಕೇಳದೆ ಏನನ್ನೂ ಕೊಡಬೇಡಿ. ಈ ಮಾತ್ರೆ ವಾಂತಿ ಶುರುವಾದ ಮೇಲೆ ಅಲ್ಲ, ಹಡಗು ಹೊರಡುವ ಮೊದಲೇ ನುಂಗಬೇಕು. ಸಂಕಟ ಅನ್ನಿಸಿದರೆ ಕ್ಯಾಬಿನ್‌ನಲ್ಲಿ ಮಲಗಿಕೊಂಡು ಮೊಬೈಲ್ ನೋಡಬೇಡಿ. ಡೆಕ್‌ಗೆ ಬಂದು ದೂರದ ದಿಗಂತ ನೋಡುತ್ತಾ ಕೂತರೆ ತಾನೇ ಇಳಿಯುತ್ತದೆ.

ಬಿಸಿಲೂರು

ಇಷ್ಟು ದುಡ್ಡು ಹಾಕಿ ಗೋವಾಕ್ಕೆ ಹಡಗಿನಲ್ಲಿ ಯಾಕೆ? ಕಲಬುರಗಿಯಿಂದ ಬಸ್ಸಿದೆ, ಸ್ವಂತ ಗಾಡಿಯಲ್ಲೂ ಹೋಗಬಹುದು. ಅದೇ ಹಣಕ್ಕೆ ಒಂದು ವಾರ ಇದ್ದು ಬರಬಹುದು.

ಬೀದರಿನ ಅಳಿಯ

ಅಣ್ಣಾ, ಗೋವಾ ನೋಡುವುದಕ್ಕಾದರೆ ನಿಮ್ಮ ಮಾತು ಸರಿ. ಇಲ್ಲಿ ಹಡಗೇ ಊರು. ವಯಸ್ಸಾದವರನ್ನು ಕಟ್ಟಿಕೊಂಡು ಗಾಡಿಯಲ್ಲಿ ಘಾಟಿ ಇಳಿಯುವುದು, ದಿನಕ್ಕೊಂದು ಹೋಟೆಲ್ ಹುಡುಕುವುದು, ಚೀಲ ಬಿಚ್ಚುವುದು ಕಟ್ಟುವುದು ಇಲ್ಲ. ಆಯಿ ಒಂದೇ ಹಾಸಿಗೆಯಲ್ಲಿ ಮಲಗುತ್ತಾರೆ, ಮೊಮ್ಮಕ್ಕಳು ಕಣ್ಣಳತೆಯಲ್ಲಿ ಆಡುತ್ತಿರುತ್ತವೆ, ಯಾರೂ ಅಡುಗೆ ಮಾಡಬೇಕಾಗಿಲ್ಲ. ಮನೆಯ ಹೆಂಗಸರಿಗೆ ಅದೊಂದೇ ಸಾಕು ಅನ್ನುತ್ತೇನೆ.

ವಾಡಿ ಜಂಕ್ಷನ್

ಅವ್ವನ ಭಯದ ಬಗ್ಗೆ ಎರಡು ಮಾತು. ನಾನು ಸರಕು ಹಡಗಿನಲ್ಲಿ ಕೆಲಸ ಮಾಡಿದವನು.

ಎಲಿಫೆಂಟಾ ದೋಣಿಗೂ ಕ್ರೂಸ್ ಹಡಗಿಗೂ ನಿಯಮವೇ ಬೇರೆ. ಬೇರೆ ದೇಶಗಳ ನಡುವೆ ಓಡುವ ಪ್ರಯಾಣಿಕರ ಹಡಗುಗಳು ಸೋಲಾಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಬದ್ಧವಾಗಿರಬೇಕು. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಬಂದದ್ದು ಅದು, ಆಮೇಲೆ ಎಷ್ಟೋ ಸಲ ತಿದ್ದಿದ್ದಾರೆ. ಅದರ ಪ್ರಕಾರ ಜೀವರಕ್ಷಕ ದೋಣಿ ಮತ್ತು ತೆಪ್ಪಗಳು ಹಡಗಿನಲ್ಲಿರುವ ಎಲ್ಲರಿಗೂ ಸಾಕಾಗಿ, ಅದರ ಮೇಲೆ ಶೇಕಡಾ 25ರಷ್ಟು ಜಾಸ್ತಿ ಇರಬೇಕು. 2012ರ ಜನವರಿಯಲ್ಲಿ ಇಟಲಿ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ತಾಗಿ 32 ಜನ ಸತ್ತರು. ಅದರಲ್ಲಿ ಆಗತಾನೇ ಹತ್ತಿದ ಕೆಲವರಿಗೆ ಇನ್ನೂ ಸುರಕ್ಷತೆಯ ಅಭ್ಯಾಸ ಆಗಿರಲಿಲ್ಲ. ಅದಾದ ಮೇಲೆ ನಿಯಮ ಬಿಗಿ ಮಾಡಿ, 2015ರಿಂದ ಹಡಗು ಹೊರಡುವ ಮೊದಲೇ ಅಥವಾ ಹೊರಟ ತಕ್ಷಣ ಎಲ್ಲ ಪ್ರಯಾಣಿಕರಿಗೂ ಅಭ್ಯಾಸ ಮಾಡಿಸಲೇಬೇಕು ಅಂತ ಮಾಡಿದ್ದಾರೆ.

ಈ ಅಭ್ಯಾಸಕ್ಕೆ ಜನ ಬೇಸರ ಮಾಡಿಕೊಂಡು ಫೋಟೋ ತೆಗೆಯುತ್ತಾ ನಿಲ್ಲುತ್ತಾರೆ. ನೀವು ಹಾಗೆ ಮಾಡಬೇಡಿ. ಎಂಟೂ ಜನ ಹೋಗಿ, ಅವ್ವನನ್ನು ಮುಂದೆ ನಿಲ್ಲಿಸಿ. ಆಪತ್ತಿನಲ್ಲಿ ನೀವು ಸೇರಬೇಕಾದ ಜಾಗದ ಗುರುತು ನಿಮ್ಮ ಕಾರ್ಡಿನ ಮೇಲೋ ಕ್ಯಾಬಿನ್ ಬಾಗಿಲ ಹಿಂದೋ ಬರೆದಿರುತ್ತದೆ. ಕ್ಯಾಬಿನ್‌ನಿಂದ ಅಲ್ಲಿಗೆ ಮೆಟ್ಟಿಲಿನಲ್ಲಿ ಒಮ್ಮೆ ನಡೆದು ನೋಡಿ, ಆಪತ್ತಿನಲ್ಲಿ ಲಿಫ್ಟ್ ಬಳಸುವ ಹಾಗಿಲ್ಲ. ಆಯಿಗೆ ಮೆಟ್ಟಿಲು ಕಷ್ಟ ಅಂತ ಹತ್ತಿದ ದಿನವೇ ಸಿಬ್ಬಂದಿಗೆ ತಿಳಿಸಿ, ಅಂಥವರ ಪಟ್ಟಿ ಇಟ್ಟುಕೊಂಡು ನೆರವಿಗೆ ಜನ ಗೊತ್ತು ಮಾಡುತ್ತಾರೆ. ಮಕ್ಕಳ ಅಳತೆಯ ಲೈಫ್ ಜಾಕೆಟ್ ಬೇರೆ ಇರುತ್ತದೆ, ಕೇಳಿ ಪಡೆಯಿರಿ. ಸಮುದ್ರದ ಬಗ್ಗೆ ಭಯಪಡುವ ಅವ್ವ ತಪ್ಪು ಮಾಡುತ್ತಿಲ್ಲ. ಆ ಭಯವನ್ನು ತಳ್ಳಿಹಾಕದೆ ಉತ್ತರ ತೋರಿಸಿ.

ಇನ್ನು ಕಾಲ. ಜೂನ್‌ನಿಂದ ಸೆಪ್ಟೆಂಬರ್ ಅರಬ್ಬಿ ಸಮುದ್ರ ಬೇಡವೇ ಬೇಡ. ನೀವು ಹೇಳಿದ ಚಳಿಗಾಲ ಸರಿ, ನವೆಂಬರ್‌ನಿಂದ ಫೆಬ್ರವರಿ ನೀರು ಶಾಂತ.

ನೆಹರೂಗಂಜ್ ತಮ್ಮ

ಎಲ್ಲರಿಗೂ ತುಂಬಾ ಧನ್ಯವಾದ. ವಾಡಿ ಅಣ್ಣಾವ್ರೆ, ನೀವು ಬರೆದದ್ದನ್ನು ಅವ್ವನಿಗೆ ಓದಿ ಹೇಳಿದೆ. ಪೂರ್ತಿ ಕೇಳಿದರು. "ನಾನು ಮುಂದೇನೇ ನಿಲ್ತೀನಿ" ಅಂದರು.

ಇನ್ನು ಎರಡು ಪ್ರಶ್ನೆ. ಹಣದ ಲೆಕ್ಕ ಹೇಗೆ, ತೋರಿಸುವ ದರಕ್ಕೂ ಕಟ್ಟುವ ದರಕ್ಕೂ ತುಂಬಾ ವ್ಯತ್ಯಾಸ ಕಾಣುತ್ತಿದೆ. ಮತ್ತು ರೈಲಿನಲ್ಲಿ ಅದೇ ದಿನ ಬೆಳಗ್ಗೆ ಇಳಿದು ಹಡಗು ಹತ್ತಬಹುದಾ? ಹೆಂಡತಿಯ ಅಣ್ಣ ಸಿಂಗಾಪುರದಿಂದ ಹೋಗಿ ಅಂತಲೂ ಹೇಳುತ್ತಿದ್ದಾರೆ.

ಸೂಪರ್ ಮಾರ್ಕೆಟ್ ಟ್ರಾವೆಲ್ಸ್

ಸರ, ನಾನು ಕಲಬುರಗಿಯಲ್ಲಿ ಟಿಕೆಟ್ ಕೆಲಸ ಮಾಡುತ್ತೇನೆ, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ಜಾಹೀರಾತಿನ ದರ ಒಬ್ಬರಿಗೆ, ಅದೂ ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಇದ್ದಾರೆ ಅಂತ ಲೆಕ್ಕ. ಅದರ ಮೇಲೆ ಬಂದರು ಶುಲ್ಕ, ಸೇವಾ ಶುಲ್ಕ, ಜಿಎಸ್‌ಟಿ ಸೇರುತ್ತವೆ. ಅದೇ ಕ್ಯಾಬಿನ್‌ನ ಮೂರನೆಯ, ನಾಲ್ಕನೆಯವರಿಗೆ ಕ್ಯಾಬಿನ್ ದರ ಕಡಿಮೆ, ಆದರೆ ಬಂದರು ಶುಲ್ಕ ಅವರಿಗೂ ಇರುತ್ತದೆ. ಒಬ್ಬರೇ ಒಂದು ಕ್ಯಾಬಿನ್ ತೊಗೊಂಡರೆ ಹತ್ತಿರಹತ್ತಿರ ಇಬ್ಬರ ಹಣ. ಹಾಗಾಗಿ ಯಾರನ್ನೇ ಕೇಳಿ, "ಎಂಟು ಜನಕ್ಕೆ, ಮೂರು ಕ್ಯಾಬಿನ್‌ಗೆ, ಎಲ್ಲ ಸೇರಿ ಕೊನೆಯ ಮೊತ್ತ ಎಷ್ಟು" ಅಂತ ಕೇಳಿ ಬರೆಸಿಕೊಳ್ಳಿ. ನನ್ನನ್ನು ಕೇಳಿದರೂ ಹಾಗೇ ಕೇಳಿ. ರದ್ದು ಮಾಡಿದರೆ ಹೊರಡುವ ದಿನ ಹತ್ತಿರ ಬಂದಷ್ಟೂ ಹಣ ಕಡಿತ ಜಾಸ್ತಿ, ಕೊನೆಗೆ ಏನೂ ವಾಪಸ್ ಇಲ್ಲ. ಹಿರಿಯರಿದ್ದಾರೆ, ಪ್ರಯಾಣ ವಿಮೆ ಮಾಡಿಸಿ.

ಹೆಸರು ಆಧಾರ್‌ನಲ್ಲಿ ಇರುವ ಹಾಗೇ, ಒಂದಕ್ಷರ ಬಿಡದೆ. ನಮ್ಮ ಕಡೆ ಒಂದು ಕಾರ್ಡಿನಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ, ಹೆಂಗಸರ ಕಾರ್ಡಿನಲ್ಲಿ ತವರಿನ ಹೆಸರು, ಹೀಗೆ ಇರುತ್ತದೆ. ಬಂದರಿನಲ್ಲಿ ಅದೇ ತಲೆನೋವು. ಮೂಲ ಆಧಾರ್ ಕಾರ್ಡೇ ಒಯ್ಯಿರಿ. ವೆಬ್ ಚೆಕ್-ಇನ್ ಮನೆಯಲ್ಲೇ ಮುಗಿಸಿ ಬೋರ್ಡಿಂಗ್ ಪಾಸ್ ಪ್ರಿಂಟ್ ತೆಗೆದುಕೊಳ್ಳಿ.

ಸಿಂಗಾಪುರ ಒಳ್ಳೆಯದೇ. ಹಡಗುಗಳು ದೊಡ್ಡವು, ಬಾಲ್ಕನಿ ಕ್ಯಾಬಿನ್ ಬೇಕಾದಷ್ಟು, ಭಾರತೀಯ ಶಾಕಾಹಾರ ಊಟವೂ ಸಿಗುತ್ತದೆ. ಆದರೆ ಎಂಟು ಪಾಸ್‌ಪೋರ್ಟ್, ಪ್ರತಿಯೊಂದಕ್ಕೂ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಸಿಂಗಾಪುರ ವೀಸಾ ಬಹುಪ್ರವೇಶದ್ದೇ ಬೇಕು, ಯಾಕೆಂದರೆ ಹಡಗು ಮಲೇಷ್ಯಾಕ್ಕೋ ಥಾಯ್ಲೆಂಡಿಗೋ ಹೋಗಿ ವಾಪಸ್ ಬಂದಾಗ ನೀವು ಸಿಂಗಾಪುರಕ್ಕೆ ಎರಡನೇ ಸಲ ಕಾಲಿಟ್ಟ ಹಾಗೆ. ಪ್ಯಾಕೇಜ್ ಮೇಲೆ ಟಿಸಿಎಸ್ (ಮೊದಲೇ ಹಿಡಿದುಕೊಳ್ಳುವ ತೆರಿಗೆ) ಕಟ್ಟಿಸಿಕೊಳ್ಳುತ್ತಾರೆ, ಅದು ಆದಾಯ ತೆರಿಗೆ ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ, ಆದರೂ ಸದ್ಯಕ್ಕೆ ಕೈಯಿಂದ ಹೋಗುತ್ತದೆ. ಆಯಿಗೆ ವಿಮಾನ, ಮತ್ತೆ ಹಡಗು. ನನ್ನ ಅಭಿಪ್ರಾಯ, ಮೊದಲ ಸಲ ಮುಂಬೈಯಿಂದಲೇ ಹೋಗಿ.

ತಂಗಿಯವರಿಗೆ ಒಂದು ಮಾತು. ಲಕ್ಷದ್ವೀಪ ಆಡಳಿತದ್ದೇ ಸಮುದ್ರಂ ಅನ್ನುವ ಪ್ಯಾಕೇಜ್ ಇದೆ, ಕೊಚ್ಚಿಯಿಂದ ಎಂವಿ ಕವರಟ್ಟಿ ಹಡಗು. ಐದು ದಿನದಲ್ಲಿ ಕವರಟ್ಟಿ, ಕಲ್ಪೇನಿ, ಮಿನಿಕಾಯ್ ತೋರಿಸುತ್ತಾರೆ, ಹಗಲು ದ್ವೀಪ, ರಾತ್ರಿ ಹಡಗು. ಗೆಳತಿಯರ ಜೊತೆ ಮುಂದೆ ಯಾವಾಗಲಾದರೂ ಹೋಗಲಿ.

ಸೇಡಂ ರಸ್ತೆ

ರೈಲಿಗೆ ಹುಸೇನ್ ಸಾಗರ್ ಎಕ್ಸ್‌ಪ್ರೆಸ್ ಸರಿ. ಸಂಜೆ ಕಲಬುರಗಿಯಲ್ಲಿ ಹತ್ತಿದರೆ ಬೆಳಗಿನ ಜಾವ ಮುಂಬೈಯ ಸಿಎಸ್‌ಎಂಟಿ ನಿಲ್ದಾಣ. ಅಲ್ಲಿಂದ ಹಡಗು ಹತ್ತುವ ಬಲ್ಲಾರ್ಡ್ ಪಿಯರ್ ಟ್ಯಾಕ್ಸಿಯಲ್ಲಿ ಹತ್ತೇ ನಿಮಿಷ. ಹಡಗು ಹತ್ತುವುದು ಮಧ್ಯಾಹ್ನ, ಅದೇ ದಿನ ಸಾಕಾಗುತ್ತದೆ.

ಶಹಾಪುರದ ಅಕ್ಕ (ಯಾದಗಿರಿ)

ನಾನು ಒಪ್ಪುವುದಿಲ್ಲ. ರೈಲು ತಡವಾದರೆ ಹಡಗು ಕಾಯುವುದಿಲ್ಲ, ಹೊರಡುವ ಹೊತ್ತಿಗಿಂತ ಬಹಳ ಮೊದಲೇ ಗೇಟ್ ಮುಚ್ಚುತ್ತಾರೆ. ಎಂಟು ಜನರ ಹಣದ ಮಾತು. ಸಮಯಕ್ಕೆ ತಲುಪಿದರೂ ನಸುಕಿನಲ್ಲಿ ಇಳಿದು ಮಧ್ಯಾಹ್ನದ ತನಕ ಆಯಿಯನ್ನು ಎಲ್ಲಿ ಕೂರಿಸುತ್ತೀರಿ? ಒಂದು ದಿನ ಮೊದಲೇ ಹೋಗಿ, ಫೋರ್ಟ್ ಕಡೆ ಒಂದು ಕೋಣೆ ಹಿಡಿದು, ಸ್ನಾನ ಪೂಜೆ ಮುಗಿಸಿ ಆರಾಮಾಗಿ ಹೊರಡಿ.

ಸೇಡಂ ರಸ್ತೆ

ಆಯಿ ಇದ್ದಾರೆ ಅನ್ನುವುದನ್ನು ಲೆಕ್ಕಕ್ಕೆ ತೊಗೊಂಡರೆ ನಿಮ್ಮ ಮಾತೇ ಸರಿ ಅಕ್ಕಾವ್ರೆ.

ನೆಹರೂಗಂಜ್ ತಮ್ಮ

ಹಾಗಾದರೆ ಹೀಗೆ: ಮುಂಬೈ-ಗೋವಾ, ಡಿಸೆಂಬರ್ ರಜೆಯ ಗದ್ದಲ ಮುಗಿದ ಮೇಲೆ ಜನವರಿ. ಮೂರು ಕ್ಯಾಬಿನ್, ಹಿರಿಯರದ್ದಕ್ಕೆ ಎರಡಕ್ಕೂ ಕಿಟಕಿ, ನಡು ಹಡಗು, ಕೆಳ ಡೆಕ್. ಮೊದಲ ಪಂಕ್ತಿ ಊಟ. ಒಂದು ದಿನ ಮೊದಲೇ ಮುಂಬೈ. ತಂಗಿ ಸ್ವಲ್ಪ ಮುಖ ಸಣ್ಣ ಮಾಡಿದಳು, ಆಯಿ ಜೊತೆ ಕ್ಯಾಬಿನ್ ಅಂದ ಕೂಡಲೇ ಸರಿಹೋದಳು. ವಾಪಸ್ ಬರುವ ದಿನ ಯಾವ ರೈಲು ಹಿಡಿಯಲಿ?

ಬೀದರಿನ ಅಳಿಯ

ಹಡಗು ಬೆಳಗ್ಗೆ ಬಂದರೂ ನೀವು ಹೊರಬೀಳುವಷ್ಟರಲ್ಲಿ ಹೊತ್ತಾಗುತ್ತದೆ. ಬೆಳಗಿನ ಉದ್ಯಾನ್ ಎಕ್ಸ್‌ಪ್ರೆಸ್ ಸಿಗುವುದಿಲ್ಲ, ಅದಕ್ಕೆ ಟಿಕೆಟ್ ಮಾಡಬೇಡಿ. ರಾತ್ರಿಯ ಹುಸೇನ್ ಸಾಗರ್ ಮಾಡಿ. ಈಗ ರಿಸರ್ವೇಶನ್ 60 ದಿನ ಮೊದಲು ತೆರೆಯುತ್ತದೆ, ಆ ದಿನ ಬೆಳಗ್ಗೆಯೇ ಕೂತು ಆಯಿಗೆ, ಅವ್ವನಿಗೆ ಕೆಳ ಬರ್ತ್ ಹಿಡಿಯಿರಿ.

ಕೊನೆಯ ರಾತ್ರಿ ದೊಡ್ಡ ಚೀಲಗಳನ್ನು ಕ್ಯಾಬಿನ್ ಹೊರಗೆ ಇಡಲು ಹೇಳುತ್ತಾರೆ, ಸಿಬ್ಬಂದಿ ಒಯ್ದು ಬಂದರಿನಲ್ಲಿ ಕೊಡುತ್ತಾರೆ. ಹತ್ತುವ ದಿನವೂ ಹಾಗೇ, ಚೀಲ ಕ್ಯಾಬಿನ್‌ಗೆ ತಡವಾಗಿ ಬರುತ್ತದೆ. ಆದ್ದರಿಂದ ಆಧಾರ್, ಮಾತ್ರೆ, ಆಯಿಯ ಪೂಜೆ ಸಾಮಾನು, ಮಕ್ಕಳ ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಮತ್ತೆ ದಡ ಬಿಟ್ಟ ಕೂಡಲೇ ಎಲ್ಲರ ಮೊಬೈಲ್ ಏರೋಪ್ಲೇನ್ ಮೋಡ್‌ಗೆ ಹಾಕಿ. ಇಲ್ಲದಿದ್ದರೆ ಹಡಗಿನ ಉಪಗ್ರಹ ನೆಟ್‌ವರ್ಕ್ ತಾನೇ ಹಿಡಿದುಕೊಂಡು ರೋಮಿಂಗ್ ಬಿಲ್ ಏರುತ್ತದೆ. ಅಪ್ಪಾಜಿ ಮೊಬೈಲ್ ನೀವೇ ಕೈಯಲ್ಲಿ ತೊಗೊಂಡು ಹಾಕಿಕೊಡಿ.